ಹಳೇ ಕಂಪ್ಯೂಟರಿಗೆ ಎಷ್ಟು ರೊಕ್ಕ ಹಾಕಬೇಕು

ಜೇವರ್ಗಿಯಿಂದ ದಕ್ಷಿಣಕ್ಕೆ ಬರುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದರ ಹಿಂದೊಂದು ಸಿಗುತ್ತವೆ. ಮೂರರ ಬದುಕೂ ಬೇರೆ ಬೇರೆ. ಸಿಂಧನೂರಿನದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅಕ್ಕಿ ಗಿರಣಿ, ಗೊಬ್ಬರದ ಅಂಗಡಿಗಳ ಬದುಕು. ಲಿಂಗಸುಗೂರಿನ ಸುತ್ತ ತೊಗರಿ, ಸಜ್ಜೆ, ಹತ್ತಿ; ಜೊತೆಗೆ ಹಟ್ಟಿ ಚಿನ್ನದ ಗಣಿಯ ಸಂಬಳ. ಮೊದಲು ಲಿಂಗಸುಗೂರಿಗೇ ಸೇರಿದ್ದ ಮಸ್ಕಿ ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿ ತನ್ನ ಕಚೇರಿಗಳನ್ನು ಕೂಡಿಸಿಕೊಳ್ಳುತ್ತಿರುವ ಊರು. ಆದರೆ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರಿನ ಪಾಡು ಮೂರೂ ಕಡೆ ಒಂದೇ. ಮಗನ ಡಿಪ್ಲೊಮಾಕ್ಕೆಂದೋ, ಅಂಗಡಿಯ ಲೆಕ್ಕಕ್ಕೆಂದೋ, ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆಂದೋ ತಂದದ್ದು. ವರ್ಷಗಳೇ ಆಗಿವೆ. ಬಟನ್ ಒತ್ತಿದ ಮೇಲೆ ಪರದೆ ಕೆಲಸಕ್ಕೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಚಹಾ ಕುದಿದು ಸೋಸಿಯೂ ಆಗಿರುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ ಎರಡೇ ಮಾತು: ‘ಫಾರ್ಮ್ಯಾಟ್ ಹೊಡೀಬೇಕ್ರಿ’, ಇಲ್ಲವೇ ‘ಹಳೇದಾತ್ರಿ, ಹೊಸಾದು ತಗೊಂಬಿಡ್ರಿ’. ಹೊಸದೆಂದರೆ ಪರದೆ ಸಮೇತ 35 ರಿಂದ 40 ಸಾವಿರದ ಮಾತು. ಕಾಲುವೆ ನಂಬಿದ ಮನೆಗಳಲ್ಲಿ ಎರಡನೇ ಬೆಳೆಗೆ ನೀರು ಸಿಗುವ ವರ್ಷದ ಲೆಕ್ಕ ಬೇರೆ, ಸಿಗದ ವರ್ಷದ ಲೆಕ್ಕ ಬೇರೆ; 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಮನೆಗೆ 40 ಸಾವಿರದ ತೀರ್ಮಾನ ಸಣ್ಣದಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಂಪ್ಯೂಟರಿಗೆ ರೊಕ್ಕ ಹಾಕಬಹುದು, ಬಹಳ ಮನೆಗಳಲ್ಲಿ ಹಾಕಲೇಬೇಕು. ಆದರೆ ನಾಳೆ ಈ ಪೆಟ್ಟಿಗೆ ಕೆಟ್ಟರೆ ಬಿಚ್ಚಿ ಮುಂದಿನ ಪೆಟ್ಟಿಗೆಗೆ ಒಯ್ಯಲು ಬರುವ ಭಾಗಕ್ಕೆ ಮಾತ್ರ ಹಾಕಬೇಕು. ಹಳೇ ಪೆಟ್ಟಿಗೆಯ ಜೊತೆಗೇ ಮುಗಿದುಹೋಗುವ ಭಾಗಕ್ಕೆ ಹಾಕಿದ್ದು ತಿರುಗಿ ಬರುವುದಿಲ್ಲ. ಕಂಪ್ಯೂಟರಿನ ವಯಸ್ಸು ಎಷ್ಟು, ಅದು ಯಾವ ತಲೆಮಾರಿನದು ಎಂಬ ಪ್ರಶ್ನೆಗಳು ಆಮೇಲಿನವು. ಅದಕ್ಕೂ ಮುಂಚೆ ಕೇಳಬೇಕಾದದ್ದು, ಅದು ನಿಧಾನ ಆಗಿರುವುದು ಎಲ್ಲಿ ಎಂದು. ಅಂಗಡಿಯವರು ಇದನ್ನು ಕೇಳುವುದು ಅಪರೂಪ. ಅವರದು ತಪ್ಪೆಂದು ನಾನು ಹೇಳಲಾರೆ; ದಿನಕ್ಕೆ ಹತ್ತು ಪೆಟ್ಟಿಗೆ ಬರುವ ಕಡೆ ಒಂದೊಂದರ ಮುಂದೆ ಅರ್ಧ ತಾಸು ಕೂರಲು ಆಗುವುದಿಲ್ಲ. ಆದರೆ ಮನೆಯವರು ಕೂರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲುಗಳಿರುತ್ತವೆ, ಪ್ರತಿಯೊಂದರ ಮೇಲೂ ಶೇಕಡಾವಾರು ಅಂಕಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಇದನ್ನು ತೆರೆದು ಐದು ನಿಮಿಷ ನೋಡುತ್ತಾ ಕೂತರೆ ಸಾಕು. ಹಾರ್ಡ್ ಡಿಸ್ಕ್ ಇರುವ ಹಳೇ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಸಿಪಿಯು 10–15ರಲ್ಲಿ ಆಡುತ್ತಿರುತ್ತದೆ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು ನಿಂತಿರುತ್ತದೆ. ಅಂದರೆ ಲೆಕ್ಕ ಮಾಡುವ ಮೆದುಳು ಕೈಕಟ್ಟಿ ಕೂತಿದೆ. ಕಡತ ತಂದುಕೊಡಬೇಕಾದ ಡಿಸ್ಕು ಇನ್ನೂ ಬಂದಿಲ್ಲ. ಹೊಸ ಪ್ರೊಸೆಸರ್ ತಂದು ಕೂರಿಸಿದರೂ ಅದೂ ಅಲ್ಲೇ ಕಾಯುತ್ತದೆ.

ಈ ಕಾಯುವಿಕೆ ಯಾಕೆ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕಿನೊಳಗೆ ಲೋಹದ ಹೊಳಪಿನ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡು ಚಿಲ್ಲರೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು ಮಿಲಿಸೆಕೆಂಡು. ಅದಕ್ಕೂ ಮೊದಲು ಮುಳ್ಳು ಸರಿದು ಸರಿಯಾದ ಪಟ್ಟಿಯ ಮೇಲೆ ನಿಲ್ಲಲು ಇನ್ನೊಂದು ಎಂಟು ಒಂಬತ್ತು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡಿಗೆ ಒಂದು ತುಣುಕು ಸಿಗುತ್ತದೆ. ಸೆಕೆಂಡಿಗೆ ಎಂಬತ್ತರ ಸುತ್ತಮುತ್ತ. ಲ್ಯಾಪ್‌ಟಾಪಿನ ಡಿಸ್ಕುಗಳು ಹೆಚ್ಚಾಗಿ 5,400 ಸುತ್ತಿನವು, ಅವು ಇನ್ನೂ ನಿಧಾನ. ವಿಂಡೋಸ್ ಏಳುವಾಗ ಓದುವುದು ಒಂದು ದೊಡ್ಡ ಕಡತವನ್ನಲ್ಲ, ಅಲ್ಲಲ್ಲಿ ಚದುರಿ ಬಿದ್ದ ಸಾವಿರಾರು ಚೂರುಗಳನ್ನು. ಆಗ ಮೇಲಿನ ಲೆಕ್ಕ ನಿಮಿಷಗಳಿಗೆ ಹೋಗುತ್ತದೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಅದೇ ಚೂರು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಸಿಗುತ್ತದೆ, ಸೆಕೆಂಡಿಗೆ ಸಾವಿರಗಟ್ಟಲೆ ಚೂರು. ಹಳೇ ಮದರ್‌ಬೋರ್ಡಿನ ಡಿಸ್ಕು ಜೋಡಿಸುವ ಸಾಟಾ ಕನೆಕ್ಷನ್ ನಿಧಾನದ್ದಾದ್ದರಿಂದ ಎಸ್‌ಎಸ್‌ಡಿ ಹಾಕಿದರೂ ಪ್ರಯೋಜನವಿಲ್ಲ ಎಂದು ಕೆಲವರು ಹೇಳುತ್ತಾರೆ. ಪೂರ್ತಿ ವೇಗ ಸಿಗುವುದಿಲ್ಲ ಎನ್ನುವುದು ಖರೆ. ಆದರೆ ನಮ್ಮ ತೊಂದರೆ ಇದ್ದದ್ದು ದೊಡ್ಡ ಕಡತ ಸಾಗಿಸುವ ವೇಗದಲ್ಲಲ್ಲ, ಪ್ರತಿ ಚೂರಿಗೂ ಕಾಯುವುದರಲ್ಲಿ. ಆ ಕಾಯುವಿಕೆ ಹಳೇ ಕನೆಕ್ಷನ್ನಿನಲ್ಲೂ ಹೋಗುತ್ತದೆ. ಫಾರ್ಮ್ಯಾಟ್ ಹೊಡೆಸಿದಾಗ ಒಂದೆರಡು ತಿಂಗಳು ಸಿಸ್ಟಮ್ ಚುರುಕಾಗಿದ್ದು ಮತ್ತೆ ಮೊದಲಿನಂತಾಗುವುದೂ ಇದರಿಂದಲೇ: ಚೂರುಗಳು ಕಡಿಮೆಯಾಗಿದ್ದವು, ಮತ್ತೆ ಸೇರಿಕೊಂಡವು, ಡಿಸ್ಕು ಬದಲಾಗಲಿಲ್ಲ.

ಎಸ್‌ಎಸ್‌ಡಿಗೆ ಕೈಹಾಕುವ ಮೊದಲು ನೋಡಿಕೊಳ್ಳಬೇಕಾದ, ಬಹುಪಾಲು ಖರ್ಚಿಲ್ಲದ ಸಂಗತಿಗಳೂ ಇವೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ರಸ್ತೆಯ ಧೂಳು, ಗಿರಣಿಯ ತೌಡು, ಹತ್ತಿಯ ಎಳೆ ಎಲ್ಲವೂ ಪೆಟ್ಟಿಗೆಯ ಹಿಂದಿನ ಜಾಲರಿಯಿಂದ ಒಳಗೆ ಹೋಗಿ ಪ್ರೊಸೆಸರಿನ ಮೇಲಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಬಿಸಿ ಹೊರಗೆ ಹೋಗದಿದ್ದಾಗ ಪ್ರೊಸೆಸರ್ ಸುಟ್ಟುಕೊಳ್ಳದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಸಿಸ್ಟಮ್ ಇನ್ನಷ್ಟು ತೆವಳುವುದಕ್ಕೆ ಇದೂ ಒಂದು ಕಾರಣ. ಪೇಂಟ್ ಬ್ರಷ್ಷಿನಲ್ಲಿ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಮುಗಿಯಿತು. ಇನ್ನೊಂದು, ಮದರ್‌ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಂಥ ಮೂರು ವೋಲ್ಟಿನ ಸಿಆರ್2032 ಸೆಲ್ಲು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ವೆಬ್‌ಸೈಟುಗಳೆಲ್ಲ ತೋರಿಸುವ ಪ್ರಮಾಣಪತ್ರದ ಅವಧಿಯನ್ನು ಕಂಪ್ಯೂಟರಿನ ತಾರೀಖಿಗೆ ಹೋಲಿಸಿ ನೋಡುವ ಬ್ರೌಸರು ಯಾವುದನ್ನೂ ತೆರೆಯುವುದಿಲ್ಲ. ಪಹಣಿ ನೋಡಲು ಹೋದರೆ ಎಚ್ಚರಿಕೆ, ಸೇವಾ ಸಿಂಧು ತೆರೆದರೆ ಎಚ್ಚರಿಕೆ. ‘ಇಂಟರ್‌ನೆಟ್ಟೇ ಬರವಲ್ದು, ಸಿಸ್ಟಮ್ ಹೋಗೇತಿ’ ಎಂದು ಕೈಬಿಟ್ಟ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಬೇಕಾದದ್ದು ಒಂದು ಪ್ಲೇಟ್ ಒಗ್ಗರಣಿ–ಮಿರ್ಚಿ ತಿನ್ನುವಷ್ಟು ರೊಕ್ಕದ ಸೆಲ್ಲು ಮಾತ್ರ.

ಈಗ ಒಯ್ಯಲು ಬರುವ ಭಾಗಗಳ ಮಾತು. ಮೊದಲನೆಯದು ಎಸ್‌ಎಸ್‌ಡಿಯೇ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹತ್ತು ವರ್ಷದ ಡೆಸ್ಕ್‌ಟಾಪಿಗೂ ಕೂರುತ್ತದೆ, ಹಳೇ ಲ್ಯಾಪ್‌ಟಾಪಿಗೂ ಕೂರುತ್ತದೆ, ನಾಳೆ ತರುವ ಡೆಸ್ಕ್‌ಟಾಪಿಗೂ ಕೂರುತ್ತದೆ. ಎಲ್ಲೂ ಕೂರದಿದ್ದರೆ ಒಂದು ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ದೊಡ್ಡ ಪೆನ್ ಡ್ರೈವಿನಂತೆ ಬಳಸಬಹುದು. ಬ್ರೌಸರು, ಲೆಕ್ಕಪತ್ರ, ಪಿಡಿಎಫ್ ಇಷ್ಟೇ ಕೆಲಸವಿರುವ ಮನೆಗೆ 256 ಜಿಬಿ ಸಾಕು. ಎರಡನೆಯದು ಯುಪಿಎಸ್. ಇದನ್ನು ನಾನು ಎಸ್‌ಎಸ್‌ಡಿಯಷ್ಟೇ ಮುಖ್ಯವೆಂದು ಎಣಿಸುತ್ತೇನೆ, ಕಾರಣ ಈ ಭಾಗದ ಕರೆಂಟು. ಶಕ್ತಿನಗರದ 1,720 ಮೆಗಾವ್ಯಾಟಿನ ಸ್ಥಾವರ ಇದೇ ಜಿಲ್ಲೆಯಲ್ಲಿದ್ದರೂ ಬೇಸಿಗೆಯ ಗಾಳಿಮಳೆಗೆ ತಂತಿ ಹರಿಯುವುದು, ಪಂಪ್‌ಸೆಟ್ಟುಗಳ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುವುದು ನಿಲ್ಲುವುದಿಲ್ಲ. ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್ ಡಿಸ್ಕಾದರೂ ಎಸ್‌ಎಸ್‌ಡಿಯಾದರೂ ಕಡತ ಕೆಡುವ ಭಯ ಇದ್ದದ್ದೇ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್‌ನೊಳಗಿನ 12 ವೋಲ್ಟ್, 7 ಆಂಪಿಯರ್–ಅವರ್ ಬ್ಯಾಟರಿ 25 ಡಿಗ್ರಿಯನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸಿಂಧನೂರಿನ ಕಲ್ಲುಚಪ್ಪಡಿಯ ಮನೆಯಲ್ಲಿ ಅದು ಬೇಗ ಸೋಲುತ್ತದೆ. ಆಗ ಯುಪಿಎಸ್ಸನ್ನೇ ಎಸೆಯುವವರಿದ್ದಾರೆ. ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಆ ಯುಪಿಎಸ್ ಮುಂದಿನ ಕಂಪ್ಯೂಟರನ್ನೂ ಕಾಯುತ್ತದೆ. ಪರದೆ, ಕೀಬೋರ್ಡ್, ಮೌಸ್ ಕೂಡ ಇದೇ ಗುಂಪಿನವು. ಹಳೇ ವಿಜಿಎ ಪರದೆಯನ್ನು ಹೊಸ ಪೆಟ್ಟಿಗೆಗೆ ಜೋಡಿಸಲು ಕನ್ವರ್ಟರ್ ಸಿಗುತ್ತದೆ.

ಒಯ್ಯಲು ಬಾರದವು ಮೂರು: ಹಳೇ ತಲೆಮಾರಿನ ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್. 2015–16ರ ಹಿಂದಿನ ಬಹುತೇಕ ಸಿಸ್ಟಮ್‌ಗಳಲ್ಲಿ ಡಿಡಿಆರ್3 ರ‍್ಯಾಮ್ ಇದೆ. ಆಮೇಲಿನ ಡಿಡಿಆರ್4 ಪಟ್ಟಿಯಲ್ಲಿ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಡಿಡಿಆರ್3ಗೆ ಹಾಕಿದ ರೊಕ್ಕ ಆ ಮದರ್‌ಬೋರ್ಡಿನ ಜೊತೆಗೇ ಹೋಗುತ್ತದೆ. ಆದರೂ ಇಲ್ಲಿ ನಾನು ಒಂದು ವಿನಾಯಿತಿ ಕೊಡುತ್ತೇನೆ. ಸಿಸ್ಟಮ್‌ನಲ್ಲಿ 4 ಜಿಬಿ ಮಾತ್ರ ಇದ್ದು, ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90 ದಾಟುತ್ತಿದ್ದರೆ, ಬೇರೆ ಪೆಟ್ಟಿಗೆಯಿಂದ ತೆಗೆದ ಇನ್ನೊಂದು 4 ಜಿಬಿ ಪಟ್ಟಿ ಕೆಲವು ನೂರಕ್ಕೆ ಸಿಕ್ಕರೆ ಹಾಕಿಸಿಕೊಳ್ಳಬಹುದು. ನೂರುಗಳ ಮಾತು ಸಾವಿರಗಳಿಗೆ ಹೋಯಿತೆಂದರೆ ಬೇಡ. 2025ರ ಕೊನೆಯ ತಿಂಗಳುಗಳಿಂದ ಹೊಸ ರ‍್ಯಾಮಿನ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎಳೆದುಕೊಳ್ಳುತ್ತಿವೆ. ಅಮೆರಿಕದ ಮೈಕ್ರಾನ್ ಕಂಪನಿ ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಹೇಳಿತು. ಎಸ್‌ಎಸ್‌ಡಿಯ ಬೆಲೆಯೂ ಅದರ ಬೆನ್ನಿಗೆ ಏರಿದೆ, ಆದರೆ ಅದನ್ನು ನಾಳೆಯ ಪೆಟ್ಟಿಗೆಗೂ ಬಳಸಬಹುದಾದ್ದರಿಂದ ಲೆಕ್ಕ ಕೆಡುವುದಿಲ್ಲ. ಹೊಸ ಕಂಪ್ಯೂಟರು ಇನ್ನೂ ತುಟ್ಟಿಯಾಗುತ್ತಿರುವ ಹೊತ್ತಿನಲ್ಲಿ ಹಳೆಯದನ್ನು ಎರಡು ವರ್ಷ ದೂಡುವುದಕ್ಕೆ ಮೊದಲಿಗಿಂತ ಹೆಚ್ಚು ಅರ್ಥವಿದೆ.

‘ಹಳೇದಕ್ಕೆ ಹಾಕೋದೆಲ್ಲ ದಂಡ, ಹೊಸದಕ್ಕೆ ವಾರಂಟಿ ಆದರೂ ಇರುತ್ತದೆ’ ಎಂಬ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ವಾರಂಟಿ ಎಂಬುದು ಸರ್ವಿಸ್ ಸೆಂಟರ್ ಇರುವ ಊರಿನವರಿಗೆ ಸಿಗುವಷ್ಟು ಸುಲಭವಾಗಿ ಮಸ್ಕಿಯವರಿಗೆ ಸಿಗುವುದಿಲ್ಲ. ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ಕೆಟ್ಟರೆ ಕೆಲಸ ಸ್ಥಳೀಯ ಮೆಕ್ಯಾನಿಕ್ಕಿನ ಕೈ ಮೀರಿದ್ದು. ರಾಯಚೂರೋ ಹುಬ್ಬಳ್ಳಿಯೋ ಹೈದರಾಬಾದೋ ಎಂದು ಕಳಿಸಿ ಕಾಯಬೇಕು. ಡೆಸ್ಕ್‌ಟಾಪಿನದು ಹಾಗಲ್ಲ. ಕರೆಂಟು ಪೂರೈಸುವ ಎಸ್‌ಎಂಪಿಎಸ್ ಹೋದರೆ ಅದೇ ದಿನ ಬೇರೆಯದು ಸಿಗುತ್ತದೆ, ನಾಲ್ಕು ಸ್ಕ್ರೂ ಬಿಚ್ಚಿ ಹಾಕುವಷ್ಟರ ಕೆಲಸ. ಸಣ್ಣ ಊರಿನ ಮನೆಗೆ ಊರಲ್ಲೇ ರಿಪೇರಿಯಾಗುವ ಯಂತ್ರ ದೊಡ್ಡ ಸೌಲಭ್ಯ, ಆ ಸೌಲಭ್ಯ ಹಳೇ ಪೆಟ್ಟಿಗೆಗೆ ಈಗಾಗಲೇ ಇದೆ. ಕರೆಂಟ್ ಬಿಲ್ಲಿನ ವಾದವನ್ನೂ ಕೆಲವರು ಮುಂದಿಡುತ್ತಾರೆ, ಹೊಸದು ಕಡಿಮೆ ಎಳೆಯುತ್ತದೆ ಎಂದು. ಎಳೆಯುತ್ತದೆ, ನಿಜ. ಹಳೇ ಡೆಸ್ಕ್‌ಟಾಪ್ ಪರದೆ ಸೇರಿ 100 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ ನಾಲ್ಕು ತಾಸಿನಂತೆ ತಿಂಗಳಿಗೆ 12 ಯೂನಿಟ್. ಹೊಸದು 30 ವ್ಯಾಟಿನದಾದರೆ ಮೂರೂವರೆ ಯೂನಿಟ್. ಉಳಿಯುವುದು ಎಂಟು ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 50, ವರ್ಷಕ್ಕೆ 600. ಈ ಉಳಿತಾಯದಿಂದ 35 ಸಾವಿರ ಹುಟ್ಟಬೇಕಾದರೆ ಐವತ್ತು ವರ್ಷದ ಮೇಲಾಗುತ್ತದೆ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಯಲ್ಲಿ ಈ 50 ರೂಪಾಯಿಯೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ವಿಂಡೋಸ್ 10ರದು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಅಂದರೆ 2017ಕ್ಕಿಂತ ಹಿಂದೆ ಕೊಂಡ ಸಿಸ್ಟಮ್‌ಗಳು ಹೊರಗೆ ಉಳಿದವು. ಇದನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಭದ್ರತಾ ಅಪ್‌ಡೇಟ್ ಬಾರದ ಸಿಸ್ಟಮ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವುದು ತಪ್ಪು. ಆದರೆ ಆ ತಾರೀಖಿಗೆ ಕಂಪ್ಯೂಟರ್ ಸತ್ತಿತು ಎಂಬಂತೆ ಹೊಸದನ್ನು ಮಾರುವುದೂ ಸರಿಯಲ್ಲ. ಹಿಂದೆ ನಡೆದದ್ದನ್ನು ನೋಡಬಹುದು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. ಗೂಗಲ್ ಕ್ರೋಮ್ ಅದನ್ನು ಕೈಬಿಟ್ಟದ್ದು 2023ರ ಫೆಬ್ರವರಿಯಲ್ಲಿ. ನಡುವೆ ಮೂರು ವರ್ಷ. ವಿಂಡೋಸ್ 10ಕ್ಕೂ ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿಯೇ ಹೇಳಿತು. ಈ ಅವಕಾಶವನ್ನು ಗ್ರಾಹಕರಿಗೆ ತಿಳಿಸುವುದು ಅಂಗಡಿಗಳ ಕೆಲಸವೇ ಆಗಬೇಕಿತ್ತು. ಇದರ ಬದಲು ಅಲ್ಲಲ್ಲಿ ನಡೆಯುತ್ತಿರುವುದು ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವುದು. ಅಂಥ ಸಿಸ್ಟಮ್‌ಗೆ ಮುಂದೆ ಅಪ್‌ಡೇಟ್ ಬರುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಕೋರ್ 2 ಡ್ಯುಯೊ ಕಾಲದ ಪ್ರೊಸೆಸರ್‌ಗಳ ಮೇಲೆ 2024ರಿಂದೀಚಿನ ವಿಂಡೋಸ್ 11 ಏಳುವುದೇ ಇಲ್ಲ. ಭದ್ರತೆಗೆಂದು ಹೊರಟು ಗೊತ್ತುಗುರಿಯಿಲ್ಲದ ಕ್ರ್ಯಾಕ್ ಕಾಪಿ ಹಾಕಿಸಿಕೊಂಡು ಬರುವುದಂತೂ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ದಾರಿಹೋಕರ ಕೈಗೆ ಕೊಟ್ಟಂತೆ.

ಹಾಗಾದರೆ ಆಮೇಲೆ? ವಿಂಡೋಸಿನ ಜಾಗದಲ್ಲಿ ಲಿನಕ್ಸ್. ಲಿನಕ್ಸ್ ಮಿಂಟ್‌ನಂಥದ್ದು ಉಚಿತ, ಹತ್ತು ವರ್ಷದ ಸಿಸ್ಟಮ್‌ನಲ್ಲೂ ಎಸ್‌ಎಸ್‌ಡಿ ಇದ್ದರೆ ಸಲೀಸಾಗಿ ಓಡುತ್ತದೆ, ಭದ್ರತಾ ಅಪ್‌ಡೇಟ್ ವರ್ಷಗಟ್ಟಲೆ ಬರುತ್ತದೆ. ‘ಅದು ನಮ್ಮಂಥೋರಿಗಲ್ಲ’ ಎನ್ನುವವರು ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ನೋಡಬೇಕು. ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸಿನಲ್ಲೇ ಅಲ್ಲಿನ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಶಾಲೆಯ ಮಕ್ಕಳಿಗೆ ಬರುವುದು ಮಸ್ಕಿಯ ಶಿಕ್ಷಕರಿಗೋ ಕಿರಾಣಿ ಅಂಗಡಿಯವರಿಗೋ ಬಾರದೆ ಹೋಗುವುದಿಲ್ಲ. ಕನ್ನಡ ಟೈಪಿಂಗಿನ ಚಿಂತೆಯೂ ಬೇಡ, ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆಲ್ಲ ಗೊತ್ತಿರುವ ಅದೇ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಲ್ಲೇ ಸಿಗುತ್ತದೆ. ತೊಡಕು ಇರುವುದು ಬೇರೆ ಕಡೆ. ಟ್ಯಾಲಿ ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ. ದಲಾಲಿ ಅಂಗಡಿಯ, ಗೊಬ್ಬರದ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸ್ ಬಿಡುವಂತಿಲ್ಲ. ಮದುವೆ ಕಾರ್ಡು, ಬ್ಯಾನರು ಮಾಡುವವರ ಕೋರೆಲ್‌ಡ್ರಾ, ಫೋಟೋಶಾಪ್ ಕೂಡ ಹಾಗೆಯೇ. ಯೂನಿಕೋಡ್‌ಗೂ ಮುಂಚೆ ನುಡಿ ಅಕ್ಷರಶೈಲಿಯಲ್ಲಿ ಹೊಡೆದಿಟ್ಟ ಹಳೇ ಕಡತಗಳು ಆ ಫಾಂಟು ಇಲ್ಲದ ಕಡೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಕೊಳ್ಳಬೇಕು. ಈ ಕೆಲಸ ಲಿನಕ್ಸ್ ಹಾಕಿದರೂ ಹಾಕದಿದ್ದರೂ ಒಂದಲ್ಲ ಒಂದು ದಿನ ಮಾಡಲೇಬೇಕಾದದ್ದು, ಹಳೇ ಸಿಸ್ಟಮ್ ನಡೆಯುತ್ತಿರುವಾಗಲೇ ಮಾಡುವುದು ಲೇಸು. ಇಷ್ಟು ಬಿಟ್ಟರೆ ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಶಾಲೆಯ ಎಸ್‌ಎಟಿಎಸ್ ಮಾಹಿತಿ ಏರಿಸುವುದು, ಸಿಇಟಿ ಫಲಿತಾಂಶ ನೋಡುವುದು, ಅಂಕಪಟ್ಟಿ ಸಿದ್ಧಪಡಿಸುವುದು ಎಲ್ಲವೂ ಬ್ರೌಸರಿನಲ್ಲೋ ಲಿಬ್ರೆ ಆಫೀಸಿನಲ್ಲೋ ಆಗುವ ಕೆಲಸಗಳೇ.

ಹಳೇ ಪೆಟ್ಟಿಗೆಯನ್ನು ನಿಲ್ಲಿಸಲೇಬೇಕಾದ ಗಳಿಗೆಯೂ ಇದೆ. ಮದರ್‌ಬೋರ್ಡಿನ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಬಿಸಿಯಾದಾಗಲೆಲ್ಲ ತಾನಾಗಿ ಆಫ್ ಆಗುತ್ತಿದ್ದರೆ, ಅದಕ್ಕೆ ಬೇರೆ ಮದರ್‌ಬೋರ್ಡ್ ಹುಡುಕಿಸುವುದು ಬೇಡ. ಮಗಳು ಎಂಜಿನಿಯರಿಂಗ್ ಸೇರಿ ಆಟೋಕ್ಯಾಡ್ ಅಥವಾ ಆಂಡ್ರಾಯ್ಡ್ ಸ್ಟುಡಿಯೋ ಬೇಕೆಂದರೆ ಆಗಲೂ ಬೇಡ. ಕಲಿಯುವ ಮಗುವಿಗೆ ಪ್ರತಿ ಸಲ ಕಾಯಿಸುವ ಯಂತ್ರ ಕೊಟ್ಟು ಉಳಿಸುವ ರೊಕ್ಕ ಉಳಿತಾಯವಲ್ಲ. ಆದರೆ ಆಗಲೂ ನೇರ ಹೊಸದಕ್ಕೆ ಹೋಗಬೇಕಿಲ್ಲ. ಬೆಂಗಳೂರು, ಹೈದರಾಬಾದಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಸಗಟಾಗಿ ಬದಲಿಸುವ ಆಫೀಸ್ ಡೆಸ್ಕ್‌ಟಾಪುಗಳು, ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಎಲೈಟ್‌ಡೆಸ್ಕ್ ಮುಂತಾದವು, ಬೆಂಗಳೂರಿನ ಎಸ್.ಪಿ. ರಸ್ತೆಗೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಬಂದು ಸೇರುತ್ತವೆ. ಎಂಟನೇ ತಲೆಮಾರಿನ ಐ5 ಇರುವ ಅಂಥ ಪೆಟ್ಟಿಗೆ ಹೊಸದರ ಅರ್ಧ ಬೆಲೆಯೊಳಗೇ ಸಿಗುತ್ತದೆ, ವಿಂಡೋಸ್ 11ಕ್ಕೂ ಅರ್ಹ. ಎಸ್‌ಎಸ್‌ಡಿ, ಪರದೆ, ಯುಪಿಎಸ್ ಮನೆಯಲ್ಲೇ ಇರುವವರು ಬರೀ ಪೆಟ್ಟಿಗೆ ತಂದರೆ ಸಾಕು. ತರುವಾಗ ಎದುರಿಗೇ ಆನ್ ಮಾಡಿಸಿ ನೋಡಬೇಕು. ಬಯೋಸ್‌ಗೆ ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಬಿಟ್ಟುಬರಬೇಕು, ರಸೀದಿಯಲ್ಲಿ ಎಷ್ಟು ತಿಂಗಳ ವಾರಂಟಿ ಎಂದು ಬರೆಸಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಎಂದ ಕೂಡಲೇ ಮೂಗು ಮುರಿಯುವವರಿಗೆ ನನ್ನದೊಂದು ಮಾತು: ಎಸಿ ಕೋಣೆಯಲ್ಲಿ, ಸ್ಥಿರ ವೋಲ್ಟೇಜಿನಲ್ಲಿ ನಾಲ್ಕು ವರ್ಷ ದುಡಿದ ಆಫೀಸ್ ಯಂತ್ರವನ್ನು ನಾನು ಹೆಸರಿಲ್ಲದ ಬಿಡಿಭಾಗಗಳಿಂದ ಜೋಡಿಸಿದ ಹೊಸ ಅಗ್ಗದ ಸಿಸ್ಟಮ್‌ಗಿಂತ ಹೆಚ್ಚು ನಂಬುತ್ತೇನೆ.

ಇಷ್ಟೆಲ್ಲ ಯಾಕೆ, ಮೊಬೈಲ್ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ. ಅವರ ಮಾತು ಅರ್ಧ ಸರಿ. ತಿಂಗಳಿಗೊಮ್ಮೆ ಮಾತ್ರ ಕಂಪ್ಯೂಟರ್ ಆನ್ ಆಗುವ ಮನೆಯಲ್ಲಿ, ಗ್ರಾಮ ಒನ್ ಕೇಂದ್ರ ಹತ್ತಿರವಿರುವ ಕಡೆ, ಹಳೆಯದಕ್ಕೂ ಹೊಸದಕ್ಕೂ ಏನೂ ಹಾಕದಿರುವುದೇ ಸರಿಯಾದ ಲೆಕ್ಕ. ಬ್ಯಾಂಕಿನ ವ್ಯವಹಾರವನ್ನು ಅಪ್‌ಡೇಟ್ ಬರುತ್ತಿರುವ ಮೊಬೈಲಿನಲ್ಲೇ ಮಾಡುವುದೂ ಒಳ್ಳೆಯದು. ಆದರೆ ಉದ್ದದ ಅರ್ಜಿ, ನಾಲ್ಕು ಕಾಲಮ್ಮಿನ ಲೆಕ್ಕ, ಕನ್ನಡದಲ್ಲಿ ಎರಡು ಪುಟ ಬರಹ ಇವು ಹೆಬ್ಬೆರಳಿನಿಂದ ಆಗುವ ಕೆಲಸಗಳಲ್ಲ. ಓದುವ ಮಕ್ಕಳಿರುವ ಮನೆಯಲ್ಲಿ ಕೀಬೋರ್ಡ್ ಇರುವ ಯಂತ್ರವೊಂದು ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಫೋನಿನಲ್ಲಿ ಮಕ್ಕಳು ಹೆಚ್ಚಾಗಿ ನೋಡುತ್ತಾರೆ, ಕೀಬೋರ್ಡಿನ ಮುಂದೆ ಕೂತಾಗ ಏನನ್ನಾದರೂ ಮಾಡುತ್ತಾರೆ. ಸಿಂಧನೂರು, ಲಿಂಗಸುಗೂರಿನ ಎಷ್ಟೋ ಮನೆಗಳಲ್ಲಿ ಅಂಥ ಯಂತ್ರ ಕೊಂಡು ತರಬೇಕಾದದ್ದಲ್ಲ, ಬಟ್ಟೆಯ ಕೆಳಗೆ ಈಗಾಗಲೇ ಇದೆ. ಎರಡು ಮೂರು ಸಾವಿರದ ಕೆಲಸ ಬಾಕಿ ಇದೆ, ಅಷ್ಟೆ.

ಗುಜರಿಗೆ ಹಾಕುವ ಮುಂಚೆಯೂ ಒಂದು ಲೆಕ್ಕ ನೋಡಬೇಕು, ಅದು ಲಿಂಗಸುಗೂರು ತಾಲ್ಲೂಕಿನವರಿಗೆ ಬೇಗ ತಿಳಿಯುವಂಥದ್ದು. ಹಟ್ಟಿಯಲ್ಲಿ ನೆಲದಾಳದಿಂದ ಒಂದು ಟನ್ ಅದಿರು ಎತ್ತಿ ಪುಡಿ ಮಾಡಿದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಕಂಪ್ಯೂಟರ್ ಬೋರ್ಡುಗಳಲ್ಲಿ ಇರುವುದು ನೂರರ ಲೆಕ್ಕದ ಗ್ರಾಂಗಳು. ಆದರೆ 2022ರಲ್ಲಿ ಜಗತ್ತು ಎಸೆದ 6 ಕೋಟಿ 20 ಲಕ್ಷ ಟನ್ ಇ–ತ್ಯಾಜ್ಯದಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಎಲ್ಲೋ ಆಸಿಡ್ಡಿನಲ್ಲಿ ಅದ್ದಿ, ವೈರು ಸುಟ್ಟು, ಬರಿಗೈಯಲ್ಲಿ ಬೇರ್ಪಡಿಸುವವರ ಪಾಲಾಗುತ್ತದೆ. ಗುಜರಿಯವರು ಕೊಡುವ ನೂರಿನ್ನೂರರ ಹಿಂದೆ ಅವರ ಉಸಿರಿನ ಬೆಲೆಯೂ ಇದೆ. ಎರಡು ವರ್ಷ ಹೆಚ್ಚು ಓಡಿಸಿದ ಪ್ರತಿ ಪೆಟ್ಟಿಗೆ ಅಷ್ಟು ತಡವಾಗಿ ಆ ದಾರಿ ಹಿಡಿಯುತ್ತದೆ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹೊರಬರುವ ಹಳೇ ಹಾರ್ಡ್ ಡಿಸ್ಕನ್ನಂತೂ ಅಂಗಡಿಯಲ್ಲಿ ಬಿಟ್ಟುಬರಬಾರದು. ಅದರಲ್ಲಿ ಮದುವೆಯ ಫೋಟೋ, ಆಧಾರ್ ಸ್ಕ್ಯಾನು, ಹೊಲದ ಕಾಗದಪತ್ರ, ಅಂಗಡಿಯ ಹಳೇ ಲೆಕ್ಕ ಎಲ್ಲ ಇರುತ್ತದೆ. ಅಳಿಸಿದ್ದನ್ನೂ ಬಲ್ಲವರು ತೆಗೆದುಕೊಳ್ಳುತ್ತಾರೆ. ಮನೆಗೆ ತಂದು ಕೇಸಿಂಗಿಗೆ ಹಾಕಿ, ತಿಂಗಳಿಗೊಮ್ಮೆ ಹೊಸ ಎಸ್‌ಎಸ್‌ಡಿಯಲ್ಲಿರುವುದರ ಇನ್ನೊಂದು ಪ್ರತಿಯನ್ನು ಅದಕ್ಕೆ ಇಳಿಸಿ ಬೀರುವಿನಲ್ಲಿಡಬೇಕು. ಹಾರ್ಡ್ ಡಿಸ್ಕು ಕೆಡುವ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡುತ್ತದೆ. ಎಸ್‌ಎಸ್‌ಡಿ ಏನೂ ಹೇಳದೆ ಒಂದು ಬೆಳಿಗ್ಗೆ ನಿಂತುಬಿಡಬಹುದು. ಆದ್ದರಿಂದ ಹೊಸ ಡಿಸ್ಕಿಗೆ ರೊಕ್ಕ ಕೊಡುವ ದಿನವೇ ಕೇಸಿಂಗಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಹೋಗುವುದು ಒಳ್ಳೆಯದು.